ಫ್ಯಾಟಿ ಲಿವರ್‌ಗೆ ಸ್ಟೆಮ್ ಸೆಲ್ ಚಿಕಿತ್ಸೆ: ಹಣ ಕಟ್ಟುವ ಮುನ್ನ ತಿಳಿಯಬೇಕಾದದ್ದು

ಹೊಟ್ಟೆನೋವಿಗೋ ಮೂತ್ರದ ಕಲ್ಲಿಗೋ ಮಿರಜ, ಸಾಂಗಲಿ, ಕೊಲ್ಹಾಪುರ ಇಲ್ಲವೆ ಬೆಳಗಾವಿಗೆ ಹೋಗಿ ಸೋನೋಗ್ರಾಫಿ ಮಾಡಿಸಿದವರ ರಿಪೋರ್ಟಿನ ಕೊನೆಯಲ್ಲಿ ‘ಫ್ಯಾಟಿ ಲಿವರ್, ಗ್ರೇಡ್ 2’ ಎಂಬ ಸಾಲು ಇರುವುದು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಮನೆಗಳಿಗೆ ಈಗ ಹೊಸದಲ್ಲ. ಆ ಸಾಲು ಓದಿದ ಕೂಡಲೇ ಜೈನ ಕುಟುಂಬಗಳಲ್ಲಿ ಏಳುವ ಪ್ರಶ್ನೆ ಒಂದೇ: ನಮ್ಮ ಮನೆಯಲ್ಲಿ ಯಾರೂ ಕುಡಿಯುವುದಿಲ್ಲ, ಮಾಂಸ ಮುಟ್ಟುವುದಿಲ್ಲ, ಲಿವರ್ ಕೆಡುವುದು ಹೇಗೆ? ಎರಡನೆಯ ಪ್ರಶ್ನೆ ಮೊಬೈಲಿನಿಂದ ಬರುತ್ತದೆ. ‘ಸ್ಟೆಮ್ ಸೆಲ್ ಚಿಕಿತ್ಸೆಯಿಂದ ಲಿವರ್ ಹೊಸದಾಗುತ್ತದೆ’ ಎಂಬ ಜಾಹೀರಾತು, ಜೊತೆಗೆ ದೂರದ ನಗರದ ಒಂದು ಫೋನ್ ನಂಬರು. ಕೇಳುವ ಮೊತ್ತ ಹಲವು ಸಲ ಲಕ್ಷಗಳಲ್ಲಿ ಇರುತ್ತದೆ. ಕಬ್ಬಿನ ಬಿಲ್ಲು ಬಂದ ಹಣವನ್ನೋ ಮಗಳ ಮದುವೆಗೆಂದು ಇಟ್ಟ ಬಂಗಾರವನ್ನೋ ಇದಕ್ಕೆ ಹಾಕುವ ಮುನ್ನ ಈ ಎರಡೂ ಪ್ರಶ್ನೆಗಳಿಗೆ ಸರಿಯಾದ ಉತ್ತರ ತಿಳಿದಿರುವುದು ಒಳ್ಳೆಯದು.

ಕುಡಿಯದವರಿಗೂ ಯಾಕೆ ಬರುತ್ತದೆ

ಯಕೃತ್ತಿನ ಜೀವಕೋಶಗಳಲ್ಲಿ ಶೇ. 5ಕ್ಕಿಂತ ಹೆಚ್ಚಿನವುಗಳಲ್ಲಿ ಕೊಬ್ಬು ಶೇಖರವಾದರೆ ಅದನ್ನು ಫ್ಯಾಟಿ ಲಿವರ್ ಎನ್ನುತ್ತಾರೆ. ಮದ್ಯ ಅದಕ್ಕೆ ಒಂದು ಕಾರಣ, ಅದೊಂದೇ ಕಾರಣವಲ್ಲ. ದಿನದ ಖರ್ಚಿಗಿಂತ ಹೆಚ್ಚು ತಿಂದ ಪಿಷ್ಟ ಮತ್ತು ಸಕ್ಕರೆಯನ್ನು ಯಕೃತ್ತು ಕೊಬ್ಬಾಗಿ ಮಾರ್ಪಡಿಸುತ್ತದೆ. ಸಕ್ಕರೆಯ ಅರ್ಧ ಭಾಗ ಫ್ರಕ್ಟೋಸ್. ಅದನ್ನು ಮುಖ್ಯವಾಗಿ ಅರಗಿಸಬೇಕಾದದ್ದು ಯಕೃತ್ತೇ. ಬೆಲ್ಲ ಒಳ್ಳೆಯದು, ಸಕ್ಕರೆ ಮಾತ್ರ ಕೆಟ್ಟದ್ದು ಎಂಬ ನಂಬಿಕೆ ಈ ಭಾಗದಲ್ಲಿ ಗಟ್ಟಿಯಾಗಿದೆ. ಆದರೆ ಬೆಲ್ಲದಲ್ಲಿಯೂ ಬಹುಪಾಲು ಇರುವುದು ಅದೇ ಸಕ್ಕರೆ. ಯಕೃತ್ತಿಗೆ ಗಾಣದ ಮನೆ ಬೇರೆ, ಉಗಾರದ ಕಾರ್ಖಾನೆ ಬೇರೆ ಎಂದು ಗೊತ್ತಾಗುವುದಿಲ್ಲ.

ಅಂಗಡಿಯ ಗಾದಿಯ ಮೇಲೆ ಬೆಳಗಿನಿಂದ ಸಂಜೆಯವರೆಗೆ ಕೂತಿರುವುದು, ಬಂದ ಗಿರಾಕಿಯ ಜೊತೆಗೆ ಒಂದೊಂದು ಸಕ್ಕರೆ ಚಹಾ, ನಡುವೆ ಶೇವು, ಚೂಡಾ, ಭಜಿ, ಮೇಲೆ ಸಕ್ಕರೆ ಕಾಯಿಲೆ ಮತ್ತು ಬಿ.ಪಿ. ಇವೆಲ್ಲ ಸೇರಿದರೆ ಶುದ್ಧ ಸಸ್ಯಾಹಾರಿಗೂ ಫ್ಯಾಟಿ ಲಿವರ್ ಬರುತ್ತದೆ. ದೇಶದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟವಾದ ಒಂದು ಲೆಕ್ಕದಲ್ಲಿ ಭಾರತದ ವಯಸ್ಕರಲ್ಲಿ ಸುಮಾರು ಶೇ. 38 ಜನರಿಗೆ ಮದ್ಯವಿಲ್ಲದ ಫ್ಯಾಟಿ ಲಿವರ್ ಇದೆ ಎಂದು ಬಂದಿದೆ. ಕೇಂದ್ರ ಸರ್ಕಾರ 2021ರ ಫೆಬ್ರುವರಿಯಲ್ಲಿ ಇದನ್ನು ಸಕ್ಕರೆ ಕಾಯಿಲೆ, ಕ್ಯಾನ್ಸರ್, ಹೃದ್ರೋಗಗಳ ರಾಷ್ಟ್ರೀಯ ಕಾರ್ಯಕ್ರಮದೊಳಗೆ ಸೇರಿಸಿತು. 2023ರಲ್ಲಿ ಜಗತ್ತಿನ ಯಕೃತ್ ತಜ್ಞರ ಸಂಘಗಳು ರೋಗದ ಹೆಸರನ್ನೇ ಬದಲಿಸಿದವು. ಹಳೆಯ ಹೆಸರಿನಲ್ಲಿ ‘ಆಲ್ಕೋಹಾಲ್’ ಎಂಬ ಶಬ್ದ ಇತ್ತು. ಈಗ ‘ಎಂ.ಎ.ಎಸ್.ಎಲ್.ಡಿ.’ ಎನ್ನುತ್ತಾರೆ, ಅಂದರೆ ದೇಹದ ಚಯಾಪಚಯ ಕೆಟ್ಟದ್ದರಿಂದ ಬಂದ ಫ್ಯಾಟಿ ಲಿವರ್. ರಿಪೋರ್ಟಿನಲ್ಲಿ ಈ ಹೊಸ ಹೆಸರು ಕಂಡರೆ ಹೊಸ ರೋಗವೆಂದು ಹೆದರಬೇಕಿಲ್ಲ. ಫ್ಯಾಟಿ ಲಿವರ್ ಬಂದವನು ಗುಟ್ಟಾಗಿ ಕುಡಿಯುತ್ತಾನೆ ಎಂದು ಸಂಶಯಪಡುವುದೂ ಬೇಕಿಲ್ಲ.

ಗ್ರೇಡ್ ಬೇರೆ, ಗಾಯದ ಮಟ್ಟ ಬೇರೆ

ಎಷ್ಟೋ ಕುಟುಂಬಗಳು ದಾರಿ ತಪ್ಪುವುದು ಇಲ್ಲಿಯೇ. ಸೋನೋಗ್ರಾಫಿಯ ಗ್ರೇಡ್ 1, 2, 3 ಎಂಬುದು ಯಕೃತ್ತಿನಲ್ಲಿ ಎಷ್ಟು ಕೊಬ್ಬು ಕಾಣುತ್ತದೆ ಎಂಬುದರ ಅಂದಾಜು ಅಷ್ಟೇ. ಗ್ರೇಡ್ 3 ಅಂದರೆ ಯಕೃತ್ತು ಮುಗಿಯಿತು ಎಂದರ್ಥವಲ್ಲ. ಗ್ರೇಡ್ 1 ಅಂದರೆ ನಿಶ್ಚಿಂತೆಯೂ ಅಲ್ಲ. ನಿಜವಾಗಿ ತಿಳಿಯಬೇಕಾದದ್ದು ಯಕೃತ್ತಿನಲ್ಲಿ ಗಾಯದ ಕಲೆ, ಅಂದರೆ ಫೈಬ್ರೋಸಿಸ್, ಎಷ್ಟು ಕಟ್ಟಿದೆ ಎಂಬುದು. ಕೊಬ್ಬು ಇದ್ದವರಲ್ಲಿ ಕೆಲವರಿಗೆ ಉರಿಯೂತ ಶುರುವಾಗುತ್ತದೆ. ಅದು ವರ್ಷಗಟ್ಟಲೆ ಮುಂದುವರಿದರೆ ಅವರಲ್ಲಿ ಕೆಲವರಿಗೆ ಕಲೆ ಕಟ್ಟುತ್ತದೆ. ಅದರಲ್ಲಿಯೂ ಕೆಲವರಿಗೆ ಕೊನೆಗೆ ಯಕೃತ್ತು ಗಂಟುಗಂಟಾಗಿ ಬಿರುಸಾಗುವ ಸಿರೋಸಿಸ್ ಬರುತ್ತದೆ. ಪ್ರತಿ ಮೆಟ್ಟಿಲಲ್ಲಿಯೂ ಜನ ಕಡಿಮೆಯಾಗುತ್ತ ಹೋಗುತ್ತಾರೆ. ಆದರೆ ಮೇಲಿನ ಮೆಟ್ಟಿಲಿನವರಿಗೆ ನೋವಿರುವುದಿಲ್ಲ, ಎಸ್.ಜಿ.ಪಿ.ಟಿ. ಕೂಡ ಕೆಲವೊಮ್ಮೆ ಸರಿಯಾಗಿಯೇ ಬರುತ್ತದೆ.

ಇದನ್ನು ಅಂದಾಜು ಮಾಡಲು ದುಬಾರಿ ಪರೀಕ್ಷೆ ಬೇಕಿಲ್ಲ. ‘ಫಿಬ್-4’ ಎಂಬ ಲೆಕ್ಕ ಇದೆ. ವಯಸ್ಸನ್ನು ಎಸ್.ಜಿ.ಒ.ಟಿ. ಅಂಕಿಯಿಂದ ಗುಣಿಸಬೇಕು. ಪ್ಲೇಟ್‌ಲೆಟ್ ಸಂಖ್ಯೆಯನ್ನು ಸಾವಿರಗಳಲ್ಲಿ ತೆಗೆದುಕೊಂಡು ಎಸ್.ಜಿ.ಪಿ.ಟಿ.ಯ ವರ್ಗಮೂಲದಿಂದ ಗುಣಿಸಬೇಕು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಬೇಕು. ಉದಾಹರಣೆಗೆ 55 ವರ್ಷದ ಒಬ್ಬರಿಗೆ ಎಸ್.ಜಿ.ಒ.ಟಿ. 48, ಎಸ್.ಜಿ.ಪಿ.ಟಿ. 64, ಪ್ಲೇಟ್‌ಲೆಟ್ 2 ಲಕ್ಷ 20 ಸಾವಿರ ಇದೆ ಎಂದುಕೊಳ್ಳೋಣ. 55ನ್ನು 48ರಿಂದ ಗುಣಿಸಿದರೆ 2640. 64ರ ವರ್ಗಮೂಲ 8. 220ನ್ನು 8ರಿಂದ ಗುಣಿಸಿದರೆ 1760. ಭಾಗಿಸಿದರೆ 1.5. ಉತ್ತರ 1.3ಕ್ಕಿಂತ ಕಡಿಮೆ ಇದ್ದರೆ ಗಂಭೀರ ಕಲೆ ಇರುವ ಸಂಭವ ಕಡಿಮೆ. 65 ದಾಟಿದವರಿಗೆ ಈ ಗಡಿಯನ್ನು 2 ಎಂದು ಹಿಡಿಯುತ್ತಾರೆ. 2.67 ದಾಟಿದರೆ ತಡಮಾಡದೆ ಯಕೃತ್ ತಜ್ಞರನ್ನು ಕಾಣಬೇಕು. ನಡುವೆ ಇದ್ದರೆ ಫೈಬ್ರೋಸ್ಕ್ಯಾನ್ ಮಾಡಿಸಬೇಕು. ಅದು ಸೂಜಿ, ಕತ್ತರಿ ಇಲ್ಲದ ಪರೀಕ್ಷೆ. ಹೊಟ್ಟೆಯ ಬದಿಗೆ ಯಂತ್ರ ಇಟ್ಟು ಯಕೃತ್ತಿನ ಬಿರುಸು ಅಳೆಯುತ್ತಾರೆ. ಅಂಕಿ 8ಕ್ಕಿಂತ ಕೆಳಗಿದ್ದರೆ ಸಮಾಧಾನ, 12 ದಾಟಿದರೆ ಎಚ್ಚರ. ವ್ಯಾಪಾರಸ್ಥರ ಮನೆಗಳಲ್ಲಿ ಈ ಲೆಕ್ಕ ಮಾಡಲು ಬರದವರು ಯಾರೂ ಇರಲಾರರು. ಆದರೂ ಅಂತಿಮ ತೀರ್ಮಾನ ವೈದ್ಯರದ್ದೇ ಆಗಿರಲಿ.

ಸ್ಟೆಮ್ ಸೆಲ್ ಎಂದರೇನು, ಯಕೃತ್ತಿಗೆ ಅದು ಏನು ಮಾಡಿದೆ

ಬೇರೆ ಬೇರೆ ಜೀವಕೋಶಗಳಾಗಿ ಬೆಳೆಯುವ ಶಕ್ತಿ ಇರುವ ಮೂಲ ಜೀವಕೋಶವೇ ಸ್ಟೆಮ್ ಸೆಲ್. ನಮ್ಮ ಎಲುಬಿನ ಮಜ್ಜೆಯಲ್ಲಿ ಇರುವ ರಕ್ತದ ಮೂಲಕೋಶಗಳಿಂದ ದಿನವೂ ಹೊಸ ರಕ್ತ ತಯಾರಾಗುತ್ತದೆ. ರಕ್ತದ ಕ್ಯಾನ್ಸರ್, ಥಲಸ್ಸೀಮಿಯಾದಂಥ ರೋಗಗಳಿಗೆ ಮಜ್ಜೆಯ ಕಸಿ ಮಾಡುವುದು ದಶಕಗಳಿಂದ ಒಪ್ಪಿತ ಚಿಕಿತ್ಸೆ, ಅದರಿಂದ ಬದುಕಿದ ಮಕ್ಕಳು ಸಾವಿರಾರು. ಜಾಹೀರಾತಿನವರು ಈ ಒಳ್ಳೆಯ ಹೆಸರನ್ನೇ ಬಳಸಿಕೊಳ್ಳುತ್ತಾರೆ. ಅಲ್ಲಿ ಫಲಿಸಿದ್ದು ಇಲ್ಲಿಯೂ ಫಲಿಸುತ್ತದೆ ಎಂದು ಕೇಳಿದವರು ತಾವೇ ಅಂದುಕೊಳ್ಳುತ್ತಾರೆ.

ಯಕೃತ್ತಿಗೆಂದು ಹೇಳುವ ಕೋಶಗಳು ಬೇರೆ ಜಾತಿಯವು. ಎಲುಬಿನ ಮಜ್ಜೆ, ಹೊಟ್ಟೆಯ ಕೊಬ್ಬು ಅಥವಾ ಹೊಕ್ಕುಳ ಬಳ್ಳಿಯಿಂದ ಅವನ್ನು ತೆಗೆಯುತ್ತಾರೆ, ಮೀಸೆನ್‌ಕೈಮಲ್ ಕೋಶಗಳು ಎಂದು ಹೆಸರು. ಇವು ಯಕೃತ್ತಿಗೆ ಹೋಗಿ ಹೊಸ ಯಕೃತ್ತಾಗಿ ಬೆಳೆಯುತ್ತವೆ ಎಂಬುದು ಜಾಹೀರಾತಿನ ಚಿತ್ರ. ಕೈಯ ರಕ್ತನಾಳದಿಂದ ಬಿಟ್ಟ ಕೋಶಗಳಲ್ಲಿ ಹೆಚ್ಚಿನವು ಮೊದಲು ಶ್ವಾಸಕೋಶದಲ್ಲಿಯೇ ಸಿಕ್ಕಿಬೀಳುತ್ತವೆ. ಅವು ಸ್ರವಿಸುವ ದ್ರವ್ಯಗಳಿಂದ ಉರಿಯೂತ ಸ್ವಲ್ಪ ತಗ್ಗಬಹುದು ಎಂಬುದೇ ವಿಜ್ಞಾನಿಗಳ ಆಸೆ. ಆ ಆಸೆ ಸುಳ್ಳಲ್ಲ, ಅದಕ್ಕಾಗಿಯೇ ಜಗತ್ತಿನಾದ್ಯಂತ ಪ್ರಯೋಗ ನಡೆದಿವೆ.

ಫಲಿತಾಂಶ ಮಾತ್ರ ಇನ್ನೂ ಕೈಗೆ ಬಂದಿಲ್ಲ. ಬ್ರಿಟನ್ನಿನಲ್ಲಿ ಸಿರೋಸಿಸ್ ಇದ್ದ 81 ರೋಗಿಗಳನ್ನು ಮೂರು ಗುಂಪು ಮಾಡಿ ಪರೀಕ್ಷಿಸಿದರು. ಒಂದು ಗುಂಪಿಗೆ ಸಾಮಾನ್ಯ ಆರೈಕೆ, ಇನ್ನೊಂದಕ್ಕೆ ಮಜ್ಜೆಯ ಕೋಶಗಳನ್ನು ರಕ್ತಕ್ಕೆ ತರುವ ಇಂಜೆಕ್ಷನ್, ಮೂರನೆಯದಕ್ಕೆ ಆ ಇಂಜೆಕ್ಷನ್ ಜೊತೆಗೆ ರೋಗಿಯದೇ ಸ್ಟೆಮ್ ಸೆಲ್. ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಸ್ಟೆಮ್ ಸೆಲ್ ಪಡೆದವರ ಯಕೃತ್ತಿನ ಕೆಲಸ ಸುಧಾರಿಸಲಿಲ್ಲ, ಗಂಭೀರ ತೊಂದರೆಗಳು ಮಾತ್ರ ಅವರಲ್ಲಿ ಹೆಚ್ಚು ಕಂಡವು. ಜಪಾನಿನ ಕನಝಾವಾದಲ್ಲಿ ಫ್ಯಾಟಿ ಲಿವರ್‌ನಿಂದಲೇ ಸಿರೋಸಿಸ್ ಆದವರಿಗೆ ಅವರದೇ ಹೊಟ್ಟೆಯ ಕೊಬ್ಬಿನ ಕೋಶಗಳನ್ನು ಯಕೃತ್ತಿನ ರಕ್ತನಾಳಕ್ಕೆ ಬಿಟ್ಟು ನೋಡಿದರು. ಕೆಲವರ ರಕ್ತದ ಅಲ್ಬುಮಿನ್ ಸುಧಾರಿಸಿತು. ಆದರೆ ಇದ್ದ ರೋಗಿಗಳು ಕೇವಲ 7, ಹೋಲಿಸಲು ಬೇರೆ ಗುಂಪು ಇರಲಿಲ್ಲ. ಏಳು ಜನರ ಮೇಲಿನ ಪ್ರಯೋಗ ಮುಂದಿನ ಪ್ರಯೋಗಕ್ಕೆ ಆಧಾರವಾಗುತ್ತದೆಯೇ ಹೊರತು ಅಂಗಡಿಯಲ್ಲಿ ಮಾರುವ ಚಿಕಿತ್ಸೆಗೆ ಆಗುವುದಿಲ್ಲ.

ನಮ್ಮ ರಾಜ್ಯದಲ್ಲಿಯೇ ಒಂದು ಉದಾಹರಣೆ ಇದೆ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ರಿಸರ್ಚ್ ಸಂಸ್ಥೆ ದಾನಿಗಳ ಮಜ್ಜೆಯಿಂದ ‘ಸ್ಟೆಂಪ್ಯೂಸೆಲ್’ ತಯಾರಿಸಿದೆ. ಕಾಲಿನ ರಕ್ತನಾಳ ಮುಚ್ಚಿ ಕಾಲು ಕತ್ತರಿಸುವ ಹಂತಕ್ಕೆ ಬಂದವರಿಗೆ ಅದನ್ನು ಬಳಸಲು 2020ರಲ್ಲಿ, ಮೊಣಕಾಲ ಸವೆತಕ್ಕೆ 2022ರಲ್ಲಿ ಕೇಂದ್ರದ ಔಷಧ ನಿಯಂತ್ರಕರ ಅನುಮತಿ ಸಿಕ್ಕಿತು. (ಬೀಡಿ-ತಂಬಾಕು ಸೇದುವವರಿಗೆ ಬರುವ ಬರ್ಗರ್ ಕಾಯಿಲೆ ಇದರಲ್ಲಿ ಒಂದು. ತಂಬಾಕಿನ ನಿಪ್ಪಾಣಿ ಭಾಗದವರಿಗೆ ಈ ಮಾಹಿತಿ ಬೇರೆ ರೀತಿಯಲ್ಲಿ ಉಪಯೋಗಕ್ಕೆ ಬಂದೀತು.) ಇದೇ ಸಂಸ್ಥೆ ಮದ್ಯದಿಂದಾದ ಸಿರೋಸಿಸ್‌ಗೂ ಪ್ರಯೋಗ ಕೈಗೊಂಡಿತ್ತು. ಆದರೆ ಸಿಕ್ಕ ಅನುಮತಿಗಳು ಕಾಲಿಗೆ ಮತ್ತು ಮೊಣಕಾಲಿಗೆ, ಯಕೃತ್ತಿಗಲ್ಲ. ವರ್ಷಗಟ್ಟಲೆ ಪರೀಕ್ಷೆ ಮಾಡಿ ಬಂದ ಕಂಪನಿಯ ಸ್ಥಿತಿ ಇದಾದರೆ, ಎರಡು ಕೋಣೆಯ ಕ್ಲಿನಿಕ್ಕಿನಲ್ಲಿ ಬೆಳಿಗ್ಗೆ ಕೊಬ್ಬು ತೆಗೆದು ಸಂಜೆ ಇಂಜೆಕ್ಷನ್ ಕೊಡುವವರು ಯಾವ ಆಧಾರದ ಮೇಲೆ ಭರವಸೆ ಕೊಡುತ್ತಾರೆ ಎಂದು ಕೇಳಬೇಕಾಗುತ್ತದೆ.

ಕಬ್ಬಿನ ಹೊಲ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಕೃಷ್ಣಾ ದಂಡೆಯಲ್ಲಿ ನೀರು ಹೆಚ್ಚಾಗಿ ಎಷ್ಟೋ ಎಕರೆ ಸವಳು ಬಿದ್ದಿದೆ. ನೀರು ಬಸಿದು ಹೋಗುವ ದಾರಿ ಮಾಡದೆ, ನೀರು ಬಿಡುವುದನ್ನೂ ಕಡಿಮೆ ಮಾಡದೆ, ಮೇಲೆ ಎರಡು ಟ್ರ್ಯಾಕ್ಟರ್ ಒಳ್ಳೆಯ ಮಣ್ಣು ಹಾಕಿದರೆ ಆ ಮಣ್ಣೂ ಮುಂದಿನ ವರ್ಷಕ್ಕೆ ಸವಳೇ. ಸಕ್ಕರೆ, ತೂಕ, ಕೂತ ಜೀವನ ಹಾಗೆಯೇ ಇದ್ದು ಹೊಸ ಕೋಶ ಬಿಟ್ಟರೂ ಆಗುವುದು ಅದೇ.

ಕಾನೂನು ಹೇಳುವುದು

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐ.ಸಿ.ಎಂ.ಆರ್., 2017ರಲ್ಲಿ ಹೊರಡಿಸಿದ ಸ್ಟೆಮ್ ಸೆಲ್ ಮಾರ್ಗಸೂಚಿ ಸ್ಪಷ್ಟವಾಗಿದೆ: ರಕ್ತದ ಒಪ್ಪಿತ ರೋಗಗಳಿಗೆ ಮಜ್ಜೆಯ ಕಸಿ ಬಿಟ್ಟರೆ ಉಳಿದ ಬಳಕೆ ಅನುಮತಿ ಪಡೆದ ಪ್ರಯೋಗದೊಳಗೆ ಮಾತ್ರ. ಅಲ್ಲಿಂದೀಚೆಗೆ ಔಷಧವಾಗಿ ಅನುಮತಿ ಪಡೆದ ಮೇಲಿನಂಥವು ಬೆರಳೆಣಿಕೆಯಷ್ಟು. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳಲ್ಲಿ, ಸಂಸ್ಕರಿಸಿದ ಸ್ಟೆಮ್ ಸೆಲ್ ಉತ್ಪನ್ನ ‘ಹೊಸ ಔಷಧ’. ಅಂದರೆ ಅನುಮತಿ ಇಲ್ಲದೆ ಮಾರುವಂತಿಲ್ಲ.

ಇಲ್ಲಿ ಒಂದು ಮಾತು ಮನೆಯವರೆಲ್ಲರಿಗೂ ಗೊತ್ತಿರಲಿ. ನಿಜವಾದ ಪ್ರಯೋಗದಲ್ಲಿ ಪ್ರಯೋಗಕ್ಕೊಳಪಡುವ ಚಿಕಿತ್ಸೆಗೆ ರೋಗಿಯಿಂದ ಹಣ ತೆಗೆದುಕೊಳ್ಳುವಂತಿಲ್ಲ. ಪ್ರಯೋಗದಿಂದ ತೊಂದರೆಯಾದರೆ ಪರಿಹಾರ ಕೊಡುವ ಹೊಣೆಯೂ ನಡೆಸುವವರದೇ. ‘ಇದು ಸಂಶೋಧನೆ’ ಎನ್ನುತ್ತ ‘ನಾಲ್ಕು ಲಕ್ಷ ಕಟ್ಟಿರಿ’ ಎಂದೂ ಹೇಳಿದರೆ ಎರಡರಲ್ಲಿ ಒಂದು ಸುಳ್ಳು. ಪ್ರಯೋಗಗಳು ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ನೋಂದಣಿಯಾಗಿರಬೇಕು. ‘ಸಿ.ಟಿ.ಆರ್.ಐ.’ ಎಂದು ಶುರುವಾಗಿ ವರ್ಷ, ತಿಂಗಳು ಇರುವ ನಂಬರು ಅದಕ್ಕಿರುತ್ತದೆ. ಮನೆಯ ಓದಿದ ಹುಡುಗರು ಅದನ್ನು ಇಂಟರ್‌ನೆಟ್‌ನಲ್ಲಿ ಹುಡುಕಿ, ಯಾವ ರೋಗಕ್ಕೆ, ಯಾವ ಆಸ್ಪತ್ರೆಯಲ್ಲಿ, ಯಾವ ಹಂತದಲ್ಲಿದೆ ಎಂದು ಐದು ನಿಮಿಷದಲ್ಲಿ ನೋಡಬಹುದು. ನಂಬರು ಇದ್ದ ಮಾತ್ರಕ್ಕೆ ಚಿಕಿತ್ಸೆ ಸಿದ್ಧವಾಗಿದೆ ಎಂದಲ್ಲ, ನೋಂದಣಿ ಬೇರೆ, ಅನುಮತಿ ಬೇರೆ. ‘ನಿಮ್ಮದೇ ದೇಹದ ಕೋಶ, ಆದ್ದರಿಂದ ಕಾನೂನು ಅನ್ವಯಿಸುವುದಿಲ್ಲ’ ಎಂಬ ಮಾತಿಗೂ ಮರುಳಾಗಬಾರದು.

ಹೆರಿಗೆಯ ಸಮಯದಲ್ಲಿ ಹೊಕ್ಕುಳ ಬಳ್ಳಿಯ ರಕ್ತವನ್ನು ಖಾಸಗಿ ಬ್ಯಾಂಕಿನಲ್ಲಿ ಇಡಿಸಿರಿ, ಮುಂದೆ ಲಿವರ್‌ಗೂ ಬರುತ್ತದೆ ಎಂದು ಏಜೆಂಟರು ಹೇಳುವುದೂ ಇದೇ ಸಾಲಿನದು. ಮುಂದೆ ತನಗೇ ಬೇಕಾದೀತೆಂದು ಹೀಗೆ ಇಡಿಸುವುದಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂದು ಐ.ಸಿ.ಎಂ.ಆರ್. ಹೇಳಿದೆ.

ಕೋಶ ಬೆಳೆಸುವ ದ್ರವ

ಅಹಿಂಸೆ ಪಾಲಿಸುವ ಮನೆಗಳು ಕೇಳಲೇಬೇಕಾದ ಒಂದು ಪ್ರಶ್ನೆಯನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ದೇಹದಿಂದ ತೆಗೆದ ಕೆಲವೇ ಕೋಶಗಳನ್ನು ಪ್ರಯೋಗಾಲಯದಲ್ಲಿ ಕೋಟಿಗಟ್ಟಲೆ ಬೆಳೆಸಲು ಪೋಷಕ ದ್ರವ ಬೇಕು. ಅದರಲ್ಲಿ ಬಹಳ ಕಾಲದಿಂದ ಬಳಸುತ್ತಿರುವುದು ಕಸಾಯಿಖಾನೆಯಲ್ಲಿ ಗಬ್ಬದ ಹಸುವಿನ ಹೊಟ್ಟೆಯ, ಇನ್ನೂ ಹುಟ್ಟದ ಕರುವಿನ ರಕ್ತದಿಂದ ತೆಗೆದ ಸೀರಮ್. ಮನುಷ್ಯರ ಪ್ಲೇಟ್‌ಲೆಟ್‌ನಿಂದ ತಯಾರಾದ ದ್ರವ ಹಾಗೂ ಪ್ರಾಣಿಜನ್ಯವಲ್ಲದ ದ್ರವಗಳು ಈಗ ಇವೆ, ಎಲ್ಲರೂ ಬಳಸುವುದಿಲ್ಲ. ಗಡ್ಡೆ-ಗೆಣಸು ಕೂಡ ಬಿಟ್ಟಿರುವ ಕುಟುಂಬ ಇದನ್ನು ತಿಳಿಯದೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವುದು ಸರಿಯಲ್ಲ. ಮುಂದೊಂದು ದಿನ ಯಕೃತ್ತಿಗೆ ಅನುಮತಿ ಪಡೆದ ಸ್ಟೆಮ್ ಸೆಲ್ ಬಂದಾಗಲೂ ಈ ಪ್ರಶ್ನೆ ಕೇಳುವ ಹಕ್ಕು ರೋಗಿಗೆ ಇದ್ದೇ ಇದೆ. ಜೀವ ಉಳಿಸುವ ಔಷಧದ ವಿಷಯದಲ್ಲಿ ಏನು ಮಾಡಬೇಕೆಂಬುದು ಅವರವರ ಮನೆಗೆ, ಅವರವರ ಗುರುಗಳಿಗೆ ಬಿಟ್ಟದ್ದು.

ಹಾಗಾದರೆ ದಾರಿ ಯಾವುದು

ಹೊಸ ಕೋಶ ಹೊರಗಿನಿಂದ ತರಬೇಕಾದ ಅಗತ್ಯ ಯಕೃತ್ತಿಗೆ ಅಷ್ಟಾಗಿ ಇಲ್ಲ. ಅರ್ಧಕ್ಕಿಂತ ಹೆಚ್ಚು ಕತ್ತರಿಸಿ ಕೊಟ್ಟ ದಾನಿಯ ಯಕೃತ್ತು ಕೆಲವೇ ತಿಂಗಳಲ್ಲಿ ಬಹುಪಾಲು ಮೊದಲಿನ ಗಾತ್ರಕ್ಕೆ ಬೆಳೆಯುತ್ತದೆ. ಬದುಕಿರುವವರು ತಮ್ಮವರಿಗೆ ಯಕೃತ್ತಿನ ಭಾಗ ದಾನ ಮಾಡಲು ಸಾಧ್ಯವಾಗಿರುವುದೇ ಇದರಿಂದ. ಕೊಬ್ಬಿನ ಭಾರ ಇಳಿಸಿದರೆ ತನ್ನನ್ನು ತಾನೇ ದುರಸ್ತಿ ಮಾಡಿಕೊಳ್ಳುವ ಅಂಗ ಅದು.

ಲೆಕ್ಕ ಹೀಗಿದೆ. ದೇಹದ ತೂಕದ ಶೇ. 5ರಷ್ಟು ಇಳಿದರೆ ಯಕೃತ್ತಿನ ಕೊಬ್ಬು ಕಡಿಮೆಯಾಗುತ್ತದೆ. ಶೇ. 7ರಿಂದ ಉರಿಯೂತ ತಗ್ಗುತ್ತದೆ. ಶೇ. 10 ಇಳಿಸಿದವರಲ್ಲಿ ಅನೇಕರಿಗೆ ಗಾಯದ ಕಲೆಯೂ ಹಿಂದೆ ಸರಿದದ್ದನ್ನು ಕ್ಯೂಬಾ ದೇಶದ 2015ರ ಅಧ್ಯಯನ ತೋರಿಸಿತು. 80 ಕಿಲೋ ತೂಗುವವರಿಗೆ ಇದು 4, 5.6 ಮತ್ತು 8 ಕಿಲೋ. ವಾರಕ್ಕೆ ಅರ್ಧದಿಂದ ಒಂದು ಕಿಲೋ ಸಾಕು, ಗಡಿಬಿಡಿ ಬೇಡ. ತೆಳ್ಳಗಿದ್ದವರೂ ಸೊಂಟದ ಸುತ್ತಳತೆ ನೋಡಿಕೊಳ್ಳಬೇಕು: ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು.

ಊಟದಲ್ಲಿ ನಮ್ಮ ಭಾಗದ ಹಳೆಯ ಪದ್ಧತಿಯೇ ಒಳ್ಳೆಯದು. ಎರಡು ಜೋಳದ ರೊಟ್ಟಿ, ಹೆಸರು ಅಥವಾ ಮಡಕಿ ಕಾಳಿನ ಪಲ್ಯ, ಸೊಪ್ಪು, ಮಜ್ಜಿಗೆ. ಕಡಿಮೆ ಮಾಡಬೇಕಾದದ್ದು ಅನ್ನದ ರಾಶಿ, ಸಕ್ಕರೆ ಚಹಾ, ಕರಿದ ತಿಂಡಿ. ಸೂರ್ಯಾಸ್ತದ ಮೊದಲು ಉಣ್ಣುವ ನಿಯಮ ತೂಕ ಇಳಿಸುವವರಿಗೆ ಅನುಕೂಲವೇ. ಆದರೆ ರಾತ್ರಿ ಊಟ ಬಿಟ್ಟವರು ಸಂಜೆ ಐದಕ್ಕೆ ಭಜಿ, ಸಿಹಿ ಸೇರಿಸಿ ಎರಡು ಊಟದಷ್ಟು ಉಂಡರೆ ಲಾಭ ಉಳಿಯುವುದಿಲ್ಲ. ಉಪವಾಸದ ಪಾರಣೆಯ ದಿನದ ಹೋಳಿಗೆ-ತುಪ್ಪದ ಬಗ್ಗೆಯೂ ಇದೇ ಮಾತು. ದಿನಕ್ಕೆ ಮುಕ್ಕಾಲು ತಾಸು ಬಿರುಸಾದ ನಡಿಗೆ ಇದರ ಜೊತೆಗೆ ಬೇಕು.

ಔಷಧಗಳೂ ಬಂದಿವೆ. ಸರೋಗ್ಲಿಟಜಾರ್ ಎಂಬ ಭಾರತದ್ದೇ ಮಾತ್ರೆಗೆ 2020ರಲ್ಲಿ ಇಲ್ಲಿನ ಅನುಮತಿ ಸಿಕ್ಕಿತು. ಅಮೆರಿಕದಲ್ಲಿ ರೆಸ್ಮೆಟಿರೋಮ್‌ಗೆ 2024ರ ಮಾರ್ಚ್‌ನಲ್ಲಿ, ತೂಕ ಇಳಿಸುವ ಸೆಮಾಗ್ಲುಟೈಡ್ ಇಂಜೆಕ್ಷನ್‌ಗೆ 2025ರ ಆಗಸ್ಟ್‌ನಲ್ಲಿ, ಉರಿಯೂತ ಮತ್ತು ಕಲೆ ಕಟ್ಟಿದ ಫ್ಯಾಟಿ ಲಿವರ್‌ಗೆ ಅನುಮತಿ ಕೊಟ್ಟಿದ್ದಾರೆ. ಯಾರಿಗೆ ಯಾವುದು ಎಂದು ತಜ್ಞರು ಹೇಳಬೇಕು. ಔಷಧ ಅಂಗಡಿಯಲ್ಲಿ ಕೇಳಿ ತರುವಂಥವಲ್ಲ ಇವು. ‘ಲಿವರ್ ಟಾನಿಕ್’ ಎಂದು ಸಿಕ್ಕ ಕಷಾಯ ಕುಡಿಯುವುದೂ ಅಪಾಯ. ಅಮೃತಬಳ್ಳಿಯಿಂದಲೇ ಯಕೃತ್ತಿಗೆ ಪೆಟ್ಟು ಬಿದ್ದ ರೋಗಿಗಳ ಬಗ್ಗೆ ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದ್ದರು, ಆಯುಷ್ ಸಚಿವಾಲಯ ಅದನ್ನು ಒಪ್ಪದಿದ್ದರೂ ಎಚ್ಚರ ಒಳ್ಳೆಯದು.

ಸಿರೋಸಿಸ್ ಆದವರ ಮನೆಗೆ

ಹೊಟ್ಟೆಯಲ್ಲಿ ನೀರು ತುಂಬುವುದು, ರಕ್ತವಾಂತಿ, ಕಾಮಾಲೆ, ಮಂಕು ಬಡಿಯುವುದು ಕಂಡಿದ್ದರೆ ವಿಷಯ ಬೇರೆ. ಸ್ಟೆಮ್ ಸೆಲ್ ಏಜೆಂಟರು ಹೆಚ್ಚಾಗಿ ಹುಡುಕುವುದು ಇಂಥ ಮನೆಗಳನ್ನೇ, ಯಾಕೆಂದರೆ ಅಲ್ಲಿ ಹೆದರಿಕೆ ಹೆಚ್ಚು. ಈ ಹಂತದಲ್ಲಿ ಮೂರು ತಿಂಗಳು ಅಲ್ಲಿ ಇಲ್ಲಿ ಕಳೆದರೆ ಕಸಿಯ ಅವಕಾಶವೇ ತಪ್ಪಬಹುದು. ಯಕೃತ್ ಕಸಿ ಮಾಡುವ ಕೇಂದ್ರದ ತಜ್ಞರಿಗೆ ತೋರಿಸಿ, ಕಸಿ ಬೇಕೋ ಬೇಡವೋ ಎಂದು ಮೊದಲೇ ಕೇಳಬೇಕು. ಮೃತ ದಾನಿಗಳ ಅಂಗಕ್ಕೆ ಕರ್ನಾಟಕದಲ್ಲಿ ‘ಜೀವಸಾರ್ಥಕತೆ’ ಸಂಸ್ಥೆಯ ಕಾಯುವ ಪಟ್ಟಿ ಇದೆ, ಹೆಸರು ಸೇರಿಸುವುದು ಆಸ್ಪತ್ರೆಯ ಮೂಲಕ.

ಇಂಥವರ ಉಪವಾಸದ ಬಗ್ಗೆ ವಿಶೇಷ ಎಚ್ಚರ ಬೇಕು. ಸಾಮಾನ್ಯ ಫ್ಯಾಟಿ ಲಿವರ್‌ಗೆ ಒಳ್ಳೆಯದಾದದ್ದು ಸಿರೋಸಿಸ್‌ಗೆ ಕೆಡುಕಾಗುತ್ತದೆ. ಅವರ ಯಕೃತ್ತಿನಲ್ಲಿ ಶಕ್ತಿಯ ಸಂಗ್ರಹ ಇರುವುದಿಲ್ಲ. ಒಂದು ರಾತ್ರಿ ಹಸಿದಿದ್ದರೆ ಆರೋಗ್ಯವಂತ ಎರಡು-ಮೂರು ದಿನ ಹಸಿದಷ್ಟು ಸೊರಗಿ, ದೇಹ ತನ್ನದೇ ಸ್ನಾಯು ಕರಗಿಸಿಕೊಳ್ಳುತ್ತದೆ. ಅದಕ್ಕೇ ವೈದ್ಯರು ಮಲಗುವ ಮುನ್ನ ಏನಾದರೂ ತಿನ್ನಿರಿ ಎನ್ನುತ್ತಾರೆ. ಡಿಸೆಂಬರಿನಲ್ಲಿ ಸೂರ್ಯಾಸ್ತದಿಂದ ಸೂರ್ಯೋದಯಕ್ಕೆ ನಮ್ಮಲ್ಲಿ ಸುಮಾರು ಹದಿಮೂರು ತಾಸು. ರಾತ್ರಿ ಭೋಜನ ತ್ಯಾಗದ ವ್ರತ ಇರುವ ಹಿರಿಯರು ಈ ವಿಷಯವನ್ನು ವೈದ್ಯರಿಂದ ಮುಚ್ಚಿಡಬಾರದು. ಸೂರ್ಯಾಸ್ತಕ್ಕೆ ಹತ್ತು ನಿಮಿಷ ಮೊದಲು ಕಾಳು, ಹಾಲು, ಗಂಜಿ ಸೇರಿದ ಕೊನೆಯ ಆಹಾರ, ಸೂರ್ಯೋದಯವಾದ ಮೇಲೆ ತಡವಿಲ್ಲದೆ ಮೊದಲ ಆಹಾರ, ನಡುವೆ ಹಗಲಿನಲ್ಲಿ ಐದಾರು ಸಲ ಸ್ವಲ್ಪಸ್ವಲ್ಪ: ಇಷ್ಟರಿಂದ ಸಾಕಾಗುತ್ತದೆಯೇ ಎಂದು ವೈದ್ಯರನ್ನು ಕೇಳಿ, ಸಾಲದಿದ್ದರೆ ರೋಗಾವಸ್ಥೆಯಲ್ಲಿ ನಿಯಮವನ್ನು ಹೇಗೆ ಸಡಿಲಿಸಬಹುದೆಂದು ಗುರುಗಳಲ್ಲಿ ವಿಚಾರಿಸಬೇಕು. ದಶಲಕ್ಷಣ ಪರ್ವದ ದೀರ್ಘ ಉಪವಾಸ ಇವರಿಗಲ್ಲ. ಕಾಳು-ಬೇಳೆ ನಿಲ್ಲಿಸಿ ಬರೀ ಗಂಜಿ ಕೊಡುವ ಹಳೆಯ ಪಥ್ಯವೂ ತಪ್ಪು, ತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಅವರಿಗೆ ಬೇಕು. ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಯಾವ ಉಪವಾಸಕ್ಕೂ ಮೊದಲು ಪ್ರಮಾಣ ಬದಲಿಸಿಕೊಳ್ಳಬೇಕು.

ಬಸದಿಗಳಲ್ಲಿ, ಸಮುದಾಯ ಭವನಗಳಲ್ಲಿ ಆರೋಗ್ಯ ಶಿಬಿರ ನಡೆಸುವ ಯುವಕ ಮಂಡಳಗಳು ಬಿ.ಪಿ., ಶುಗರ್ ಜೊತೆಗೆ ಸೊಂಟದ ಅಳತೆ, ಎಸ್.ಜಿ.ಒ.ಟಿ., ಎಸ್.ಜಿ.ಪಿ.ಟಿ. ಮತ್ತು ಪ್ಲೇಟ್‌ಲೆಟ್ ಎಣಿಕೆ ಸೇರಿಸಿದರೆ ಮೇಲಿನ ಫಿಬ್-4 ಲೆಕ್ಕವನ್ನು ಅಲ್ಲಿಯೇ ಹಾಕಿ, 1.3 ದಾಟಿದವರ ಹೆಸರು ಬರೆದುಕೊಂಡು ಫೈಬ್ರೋಸ್ಕ್ಯಾನ್‌ಗೆ ಕಳಿಸಬಹುದು. ಸಕ್ಕರೆ ಕಾಯಿಲೆ ಇರುವವರನ್ನು ಮೊದಲು ಕರೆಯಬೇಕು.